ಆ ಸರೋವರದಲ್ಲಿ ಮೀನೇ ಇರಲಿಲ್ಲ

ಅಮೆರಿಕದ ಸಿಯೆರಾ ನೆವಾಡ ಪರ್ವತಗಳ ಎತ್ತರದ ಸರೋವರಗಳಿಂದ ಟ್ರೌಟ್ ಮೀನುಗಳನ್ನು ಬಲೆ ಹಾಕಿ ತೆಗೆಯುವುದು ಪ್ರಕೃತಿಗೆ ಬಗೆದ ದ್ರೋಹವೆಂದು ಕಳೆದ ಸಂಚಿಕೆಯ ಲೇಖಕರು ಬರೆದಿದ್ದಾರೆ. ಕಾಲುದಾರಿ ಬಿಟ್ಟು, ಬಂಡೆರಾಶಿ ಹತ್ತಿಳಿದು ದಿನವಿಡೀ ನಡೆದವನಿಗೆ ಗಾಳಕ್ಕೊಂದು ಮೀನೂ ಸಿಗಬಾರದೇ ಎಂಬುದು ಅವರ ಅಳಲು. ಆ ನಡಿಗೆಯ ಸುಖ ನನಗೂ ಗೊತ್ತು, ಗಾಳವನ್ನೂ ಹಾಕಿದ್ದೇನೆ. ಆದರೆ ಈ ವಾದಕ್ಕೆ ಬುಡವೇ ಇಲ್ಲ.

ಹಿಮನದಿಗಳು ಕೊರೆದ ಆ ಸರೋವರಗಳಿಗೆ ಜಲಪಾತಗಳನ್ನು ದಾಟಿ ಮೀನು ಹತ್ತಿಬರುವಂತಿರಲಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಜನ ಹೇಸರಗತ್ತೆಗಳ ಮೇಲೆ ಹೊತ್ತು ತಂದು ಬಿಟ್ಟರು, ಆಮೇಲೆ ವಿಮಾನದಿಂದಲೂ ಸುರಿದರು. ಅಲ್ಲಿನ ನಿಜವಾದ ವಾಸಿ ಹಳದಿ ಕಾಲಿನ ಕಪ್ಪೆ. ಅದರ ಗೊದಮೊಟ್ಟೆ ಕಪ್ಪೆಯಾಗಲು ಎರಡರಿಂದ ನಾಲ್ಕು ವರ್ಷ ಬೇಕು. ಚಳಿಗಾಲದಲ್ಲಿ ತಳದವರೆಗೆ ಹೆಪ್ಪುಗಟ್ಟದ ಆಳದ ನೀರೇ ಅದಕ್ಕೆ ಆಸರೆ. ಟ್ರೌಟ್ ಬದುಕುವುದೂ ಅಂಥ ನೀರಿನಲ್ಲೇ, ಗೊದಮೊಟ್ಟೆಯನ್ನು ತಿಂದು. ಇದು ಸಾಲದೆಂಬಂತೆ ಕಪ್ಪೆಗೆ ಶಿಲೀಂಧ್ರ ರೋಗವೂ ಬಡಿಯಿತು. 2014ರಲ್ಲಿ ಅಮೆರಿಕ ಸರ್ಕಾರ ಈ ಕಪ್ಪೆಯನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿತು.

ಮೀನಿಲ್ಲದ ಸರೋವರವೊಂದರ ದಡದಲ್ಲಿ ಒಂದು ಮಧ್ಯಾಹ್ನ ಕೂತಿದ್ದೆ. ಬಿಸಿಲಿಗೆ ಬೆಚ್ಚಗಾದ ಗೇಣುದ್ದದ ನೀರಿನಲ್ಲಿ ಗೊದಮೊಟ್ಟೆಗಳು ಕಪ್ಪಗೆ ಒತ್ತೊತ್ತಾಗಿ ಬಿದ್ದಿದ್ದವು. ನನ್ನ ನೆರಳು ಬಿದ್ದೊಡನೆ ಇಡೀ ಗುಂಪು ಆಳಕ್ಕೆ ಸರಿಯಿತು. ಲೇಖಕರು ಬರಿದು ಎಂದು ಕರೆದದ್ದು ಇಂಥ ಸರೋವರವನ್ನು.

ಬಲೆ ಬೀಳುತ್ತಿರುವುದು ಆಯ್ದ ಕೆಲವಕ್ಕೆ ಮಾತ್ರ. ನೂರಾರು ಸರೋವರಗಳಲ್ಲಿ ಟ್ರೌಟ್ ಇನ್ನೂ ಇದೆ, ಗಾಳ ಹಾಕಲು ಅವರು ಅಲ್ಲಿಗೆ ಹೋಗಬಹುದು. ಕಪ್ಪೆಗೆ ಹೋಗಲು ಬೇರೆ ಜಾಗವಿಲ್ಲ.