ಕಾಶಿ ದಾರ, ರಾಮನಗರದ ದಾರ

ಕಾಶಿಗೆ ಹೋಗಿ ಬಂದವರ ಮನೆಯಲ್ಲಿ ಗಂಗಾಪೂಜೆ, ಸಮಾರಾಧನೆ ಮುಗಿದ ಮೇಲೆ ನೆಂಟರಿಷ್ಟರಿಗೆ ಒಂದು ಕರಿ ದಾರ, ಒಂದು ಪುಟ್ಟ ಗಿಂಡಿ ಗಂಗೆ ಸಿಗುತ್ತದೆ. ಹಿಂದೆ ಈ ಯಾತ್ರೆಗೆ ಹೊರಟವರು ತಿರುಗಿ ಬರುತ್ತಾರೆಂಬ ಖಾತ್ರಿ ಇರಲಿಲ್ಲ. ಈಗ ಎಂಟು ದಿನದಲ್ಲಿ ಅಯೋಧ್ಯೆ, ಪ್ರಯಾಗವನ್ನೂ ಸೇರಿಸಿ ನೋಡಿಕೊಂಡು ಬರಬಹುದು. 2022ರ ನವೆಂಬರ್ 11ರಂದು ಬೆಂಗಳೂರಿನಿಂದ ಹೊರಟ ಭಾರತ್ ಗೌರವ್ ಕಾಶಿ ದರ್ಶನ ರೈಲಿನ ಟಿಕೆಟ್ಟಿಗೆ 20,000 ರೂಪಾಯಿ ನಿಗದಿಯಾಗಿತ್ತು. ಅದರಲ್ಲಿ 5,000 ರೂಪಾಯಿಯನ್ನು ರಾಜ್ಯ ಸರ್ಕಾರವೇ ಕೊಟ್ಟಿತು. ಜೀವಮಾನವೆಲ್ಲ ದುಡಿದವರು ಒಮ್ಮೆ ಕಾಶಿ ನೋಡಲೆಂಬ ಆಸೆಗೆ ಸರ್ಕಾರ ನೆರವಾದರೆ ತಪ್ಪೇನಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಅಷ್ಟು ದೂರ ಗುಂಪಾಗಿ ಹೋದವರು ಅಲ್ಲಿ ಯಾರನ್ನು ಭೇಟಿಯಾದರು?

ಕರ್ನಾಟಕದ ಅನೇಕರಿಗೆ ಕಾಶಿಯಲ್ಲಿ ಮನೆಯೆಂದರೆ ಜಂಗಮವಾಡಿ ಮಠ. ವೀರಶೈವರ ಪಂಚಪೀಠಗಳಲ್ಲಿ ಒಂದಾದ ಇದು ಗೋದೌಲಿಯಾದಿಂದ ದಕ್ಷಿಣಕ್ಕೆ ಹೋಗುವ ರಸ್ತೆಯಲ್ಲಿದೆ. ತೀರಿಕೊಂಡ ಹಿರಿಯರ ಹೆಸರಿನಲ್ಲಿ ಭಕ್ತರು ಇಲ್ಲಿ ಲಿಂಗ ಸ್ಥಾಪಿಸುತ್ತಾರೆ. ಗೋಡೆಗೂ ನೆಲಕ್ಕೂ ಲಿಂಗಗಳ ಸಾಲೇ ಸಾಲು. ಮೊಘಲ್ ದೊರೆಗಳು ಜಂಗಮರಿಗೆ ಜಮೀನು ಬಿಟ್ಟುಕೊಟ್ಟ ಫಾರ್ಸಿ ಫರ್ಮಾನುಗಳೂ ಮಠದ ಸಂಗ್ರಹದಲ್ಲಿವೆ. 2020ರ ಫೆಬ್ರುವರಿಯಲ್ಲಿ ಇಲ್ಲಿನ ಗುರುಕುಲದ ಶತಮಾನೋತ್ಸವದ ಸಮಾರೋಪದಲ್ಲಿ ಸಿದ್ಧಾಂತ ಶಿಖಾಮಣಿಯ 19 ಭಾಷೆಗಳ ಅನುವಾದವನ್ನು ಪ್ರಧಾನಿ ಬಿಡುಗಡೆ ಮಾಡಿದರು. ಗ್ರಂಥ ಹತ್ತೊಂಬತ್ತು ಭಾಷೆ ದಾಟಿತು. ಯಾತ್ರಿಕರು ಮಾತ್ರ ಪಕ್ಕದ ಓಣಿಯನ್ನೂ ದಾಟುವುದು ಅಪರೂಪ.

ಪಕ್ಕದ ಓಣಿಗಳದ್ದು ಮದನಪುರ, ಬನಾರಸಿ ಸೀರೆ ನೇಯುವ ಮುಸ್ಲಿಂ ನೇಕಾರರ ಹಳೆಯ ಮೊಹಲ್ಲಾ. ಯಾತ್ರಿಕರಲ್ಲಿ ರಾಮನಗರ, ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಗಾರರೂ ಇರುತ್ತಾರೆ. ದೇಶದಲ್ಲಿ ಅತಿ ಹೆಚ್ಚು ಕಚ್ಚಾ ರೇಷ್ಮೆ ತೆಗೆಯುವ ರಾಜ್ಯ ಕರ್ನಾಟಕ. ಅವರ ಗೂಡು ಮಾರುಕಟ್ಟೆಯಲ್ಲಿ ಹರಾಜಾಗಿ, ನೂಲಾಗಿ, ಹುರಿಗೊಂಡು, ವ್ಯಾಪಾರಿಗಳ ಕೈ ದಾಟಿ ಬನಾರಸಿನ ಮಗ್ಗಗಳನ್ನೂ ತಲುಪುತ್ತದೆ. ಮದುವೆಗೆ ಬನಾರಸಿ ಸೀರೆಯಾಗಿ ಅದು ತಿರುಗಿ ಊರಿಗೂ ಬರುತ್ತದೆ. ಯಾತ್ರಿಕರು ಅಲ್ಲಿಂದ ಕರಿ ದಾರ ತರುತ್ತಾರೆ. ಇಲ್ಲಿಂದ ಹೋದ ದಾರ ಯಾರ ಕೈಯಲ್ಲಿದೆ ಎಂದು ನೋಡುವುದಿಲ್ಲ.

ನೋಡಬೇಕಾದದ್ದು ಬರೀ ಸೌಜನ್ಯಕ್ಕಲ್ಲ. ಈ ಇಬ್ಬರ ಹಿತ ಒಂದಕ್ಕೊಂದು ಎದುರು ನಿಂತಿದೆ. 2011ರ ಕೇಂದ್ರ ಬಜೆಟ್ ಆಮದು ಕಚ್ಚಾ ರೇಷ್ಮೆಯ ಸುಂಕವನ್ನು ಶೇ 30ರಿಂದ 5ಕ್ಕೆ ಇಳಿಸಿತು. ಚೀನಾದ ನೂಲು ಅಗ್ಗವಾದರೆ ನೇಕಾರನಿಗೆ ಉಸಿರಾಡಲು ಅನುಕೂಲ. ಆದರೆ ಇಲ್ಲಿ ಗೂಡಿನ ಬೆಲೆ ಕುಸಿದು ಬೆಳೆಗಾರರು ಬೀದಿಗಿಳಿದರು. 2013ರಲ್ಲಿ ಸುಂಕ ಶೇ 15ಕ್ಕೆ ಏರಿತು. ಬೆಳೆಗಾರನಿಗೆ ಸಮಾಧಾನವಾದ ದಿನ ನೇಕಾರನ ಲೆಕ್ಕ ತಪ್ಪಿತು. ತನ್ನ ಕಷ್ಟಕ್ಕೆ ಎದುರುಗಡೆಯವನೇ ಕಾರಣ ಎಂದು ಇಬ್ಬರೂ ಅಂದುಕೊಳ್ಳುವುದು ಸುಲಭ, ಏಕೆಂದರೆ ಇಬ್ಬರೂ ಮುಖಾಮುಖಿಯಾಗುವುದಿಲ್ಲ. ಇಬ್ಬರ ಪರವಾಗಿಯೂ ದಿಲ್ಲಿಯೇ ತೀರ್ಮಾನಿಸುತ್ತದೆ.

ದೂರದ ಭಕ್ತಸಮೂಹಗಳು ಪರಸ್ಪರ ಭೇಟಿಯಾಗುವ ಪದ್ಧತಿ ಬೇರೆಡೆ ಇದೆ. ಅಮೆರಿಕದ ಮಿನ್ನೆಸೋಟದ ಲುಥೆರನ್ ಚರ್ಚುಗಳೂ ತಾಂಜಾನಿಯಾದ ಇರಿಂಗಾದ ಚರ್ಚುಗಳೂ ದಶಕಗಳಿಂದ ಜೊತೆಗಾರಿಕೆ ಇಟ್ಟುಕೊಂಡಿವೆ. ಅಲ್ಲಿಯ ಒಂದು ಸಭೆಗೆ ಇಲ್ಲಿಯ ಒಂದು ಹಳ್ಳಿಯ ಸಭೆ ಜೋಡಿ. ಅದಕ್ಕೆ ಇಟ್ಟ ಸ್ವಾಹಿಲಿ ಹೆಸರು ‘ಬೆಗಾ ಕ್ವಾ ಬೆಗಾ’, ಎಂದರೆ ಹೆಗಲಿಗೆ ಹೆಗಲು. ಇಂಥ ಭೇಟಿಗಳ ಬಗ್ಗೆ ಟೀಕೆಯೂ ಇದೆ. ವಿಮಾನದ ಖರ್ಚನ್ನೇ ಕಳಿಸಿದ್ದರೆ ಶಾಲೆಯೊಂದು ಏಳುತ್ತಿತ್ತು, ಹೋದವರು ಬಡತನವನ್ನು ನೋಟವಾಗಿ ನೋಡಿ ಬರುತ್ತಾರೆ ಎಂಬ ಮಾತುಗಳಲ್ಲಿ ಹುರುಳಿಲ್ಲದೆ ಇಲ್ಲ. ಆದರೂ ಅತಿಥಿಯಾಗಿ ಹೋದವನು ನಾಳೆ ಆತಿಥೇಯನಾಗಲು ಸಿದ್ಧನಿದ್ದರೆ ಮಾತ್ರ ಭೇಟಿ ಸಂಬಂಧವಾಗುತ್ತದೆ ಎಂಬುದನ್ನು ಆ ಹೆಸರೇ ಹೇಳುತ್ತದೆ. ಹೆಗಲು ಒಂದೇ ಕಡೆಯಿಂದ ಕೊಡಲು ಬರುವುದಿಲ್ಲ.

ಯಾತ್ರಿಕರು ದೇವರಿಗಾಗಿ ಹೋಗುತ್ತಾರೆ, ಮಗ್ಗ ನೋಡಲಿಕ್ಕಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಮಂಡಿ ನೋಯುವ ಹಿರಿಯರನ್ನು ಇಕ್ಕಟ್ಟಿನ ಓಣಿಗಳಲ್ಲಿ ಅಲೆಸುವುದೂ ತರವಲ್ಲ. ನೇಕಾರನ ಮನೆಯೂ ಪ್ರದರ್ಶನದ ವಸ್ತುವಲ್ಲ. ಹಾಗಾಗಿ ಎಲ್ಲರೂ ಹೋಗಬೇಕಿಲ್ಲ. ರೇಷ್ಮೆ ಬೆಳೆವ ತಾಲ್ಲೂಕುಗಳಿಂದ ಬಂದ ನಾಲ್ಕೈದು ಜನ, ಮೊದಲೇ ಹೇಳಿ ಒಪ್ಪಿಗೆ ಪಡೆದು, ಒಂದು ಮಧ್ಯಾಹ್ನ ನೇಕಾರರ ಜೊತೆ ಕೂತರೆ ಸಾಕು. ಭಾಷೆಯ ತೊಡಕಿಗೂ ಪರಿಹಾರ ಹತ್ತಿರದಲ್ಲೇ ಇದೆ. ಕರ್ನಾಟಕದಿಂದ ಹೋಗಿ ಮಠದಲ್ಲಿ ಸಂಸ್ಕೃತ ಓದುವ ಹುಡುಗರು ಕನ್ನಡ, ಹಿಂದಿ ಎರಡನ್ನೂ ಬಲ್ಲರು. ನೂಲು ಎಲ್ಲಿ ತುಂಡಾಗುತ್ತದೆ, ಸೀರೆಗೆ ಎಷ್ಟು ದಿನ, ಕೂಲಿ ಎಷ್ಟು, ಪವರ್‌ಲೂಮ್ ಬಂದು ಏನಾಯಿತು ಎಂಬುದು ಇವರ ಪ್ರಶ್ನೆ. ಗೂಡಿಗೆ ಎಷ್ಟು ಸಿಗುತ್ತದೆ, ಸೊಪ್ಪಿಗೆ ನೀರೆಲ್ಲಿಂದ ಎಂಬುದು ಅವರ ಪ್ರಶ್ನೆ.

ಎರಡನೆಯ ಹೆಜ್ಜೆ ಇನ್ನೂ ಮುಖ್ಯ. ಯಾತ್ರಿಕರಿಗೆ ಸಹಾಯಧನ ಕೊಟ್ಟ ಸರ್ಕಾರ, ವರ್ಷಕ್ಕೆ ಹತ್ತು ಮಂದಿ ನೇಕಾರರನ್ನು ರಾಮನಗರದ ಗೂಡಿನ ಮಾರುಕಟ್ಟೆಗೆ ಅತಿಥಿಗಳಾಗಿ ಕರೆಸಬಹುದು. ಬನಾರಸಿ ಸೀರೆಗೆ 2009ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ಸೀರೆಯ ಮೇಲೆ ಬನಾರಸಿನ ಹೆಸರು ಇರುವುದು ಸರಿಯೇ. ಅದರೊಳಗಿನ ನೂಲಿನ ಊರನ್ನು ಆ ಹೆಸರಿಗೆ ಕೀರ್ತಿ ತಂದವರು ಕಂಡಿರಬೇಕು. ಸುಂಕದ ಪ್ರಶ್ನೆ ಮತ್ತೆ ಬಂದಾಗ ಇಬ್ಬರೂ ಒಂದೇ ಮಾತು ಆಡುತ್ತಾರೆಂದಲ್ಲ. ಜಗಳವೇ ಆಡಲಿ, ಆದರೆ ಎದುರಿನವನ ಮನೆಯಲ್ಲಿ ಚಹಾ ಕುಡಿದು ಬಂದವರಂತೆ ಆಡಲಿ.

ಕಾಶಿಯಲ್ಲಿ ಇಷ್ಟದ ಒಂದು ಹಣ್ಣನ್ನೋ ತರಕಾರಿಯನ್ನೋ ಬಿಟ್ಟು ಬರುವ ಪದ್ಧತಿ ಇದೆ. ಏನು ಬಿಟ್ಟಿರಿ ಎಂದು ಮನೆಗೆ ಬಂದವರು ಕೇಳುತ್ತಾರೆ. ಯಾರ ಪರಿಚಯ ಮಾಡಿಕೊಂಡಿರಿ ಎಂದೂ ಕೇಳುವಂತಾಗಲಿ.