ಗುಂಡಿ ಒತ್ತಿದರೆ ಹಾರ್ನ್ ಹೊಡೆಯುವ ಪುಸ್ತಕದಿಂದ ಮಗು ಬೇಗ ಮಾತು ಕಲಿಯುತ್ತದೆಯೇ?

ಬಸ್ಸು, ಲಾರಿ, ರೈಲಿನ ಸದ್ದು ಮಾಡುವ ಪುಸ್ತಕ ಕೊಟ್ಟರೆ ಮಗು ತಾನಾಗಿಯೇ ಮಾತು ಕಲಿಯುತ್ತದೆ ಎಂದು ಹಲವರು ನಂಬುತ್ತಾರೆ. ಇದು ನಿಜವೇ?

ಪೂರ್ತಿ ನಿಜವಲ್ಲ. ದಪ್ಪ ರಟ್ಟಿನ ಪುಟಗಳು ಸುಲಭವಾಗಿ ಹರಿಯುವುದಿಲ್ಲ, ಪುಟ್ಟ ಕೈಗೆ ತಿರುವಲೂ ಸುಲಭ. ಆದರೆ ಮಾತು ಕಲಿಸುವುದು ಸದ್ದಲ್ಲ, ಜೊತೆಗೆ ಕುಳಿತು ಮಾತಾಡುವವರು.

ಅಮೆರಿಕದ ಸಂಶೋಧಕಿ ಅನ್ನಾ ಸೋಸಾ 10ರಿಂದ 16 ತಿಂಗಳ 26 ಮಕ್ಕಳು ಹೆತ್ತವರೊಡನೆ ಆಡುವಾಗಿನ ಮಾತುಗಳನ್ನು ಧ್ವನಿಮುದ್ರಿಸಿದರು. ಸದ್ದು ಮಾಡುವ ಎಲೆಕ್ಟ್ರಾನಿಕ್ ಆಟಿಕೆ ಇದ್ದಾಗ ಹೆತ್ತವರ ಮಾತು ಕಡಿಮೆಯಾಗಿತ್ತು, ಸಾದಾ ಪುಸ್ತಕ ಇದ್ದಾಗ ಹೆಚ್ಚಿತ್ತು. 2016ರಲ್ಲಿ ಪ್ರಕಟವಾದ ಈ ಅಧ್ಯಯನ ಚಿಕ್ಕದು, ಆದರೂ ಕಾರಣ ಸ್ಪಷ್ಟ: ಆಟಿಕೆ ಮಾತಾಡಿದರೆ ನಾವು ಸುಮ್ಮನಾಗುತ್ತೇವೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಟ್ರ್ಯಾಕ್ಟರ್, ಟಂಟಂ, ಚಕ್ಕಡಿ ಮಕ್ಕಳ ಕಣ್ಣೆದುರೇ ಓಡಾಡುತ್ತವೆ. ಚಿತ್ರ ತೋರಿಸಿ, "ನಿನ್ನೆ ಅಜ್ಜನ ಹೊಲದಾಗ ಇಂಥಾದ್ದ ನೋಡಿದ್ದಿ ಅಲ್ಲಾ?" ಎಂದು ಕೇಳಿ. ಮಗು ಬೆರಳು ತೋರಿಸಿದರೂ, ತೊದಲಿದರೂ ಉತ್ತರ ಕೊಡಿ.

ಸದ್ದಿನ ಪುಸ್ತಕ ಮನೆಯಲ್ಲಿದ್ದರೆ ಇದನ್ನು ಮರೆಯಬೇಡಿ. ಇಂಥ ಹಲವು ಪುಸ್ತಕಗಳಲ್ಲಿ ಬಟನ್ ಸೆಲ್ ಇರುತ್ತದೆ. ಮಗು ಅದನ್ನು ನುಂಗಿ, ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ 2 ಗಂಟೆಯೊಳಗೇ ತೀವ್ರ ಸುಟ್ಟಗಾಯವಾಗಬಹುದು. ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಇಲ್ಲದಿದ್ದರೆ, ಅಥವಾ ಸಡಿಲವಾಗಿದ್ದರೆ, ಮಗುವಿಗೆ ಕೊಡಬೇಡಿ. ನುಂಗಿದ ಅನುಮಾನ ಬಂದರೆ ವಾಂತಿ ಮಾಡಿಸಬೇಡಿ. ಎಕ್ಸ್-ರೇ ಇರುವ ಆಸ್ಪತ್ರೆಗೆ ಕೂಡಲೇ ಹೋಗಿ.

ಫಾರ್ವರ್ಡ್ ಮಾಡುವುದಾದರೆ ಈ ಕೊನೆಯ ಮಾತನ್ನು ಮೊದಲು ಮಾಡಿ.