ಸಮೀಕ್ಷೆಗೆ ಬಾಗಿಲು ಮುಚ್ಚುವ ಮುನ್ನ

2025ರ ಸೆಪ್ಟೆಂಬರ್ 22ರಂದು ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭವಾದಾಗ ಮಂಗಳೂರಿನ ಕದ್ರಿಯಲ್ಲಿಯೂ ಶಾಲಾ ಶಿಕ್ಷಕರು ಮೊಬೈಲ್ ಹಿಡಿದು ಮನೆಗಳ ಮೆಟ್ಟಿಲೇರಿದರು. ವಿದ್ಯುತ್ ಮೀಟರಿನ ಆಧಾರದಲ್ಲಿ ಮನೆಗಳನ್ನು ಗುರುತಿಸಿ ಬಾಗಿಲುಗಳಿಗೆ ಚೀಟಿ ಅಂಟಿಸಲಾಗಿತ್ತು. ಒಟ್ಟು 60 ಪ್ರಶ್ನೆಗಳು. ಅಕ್ಟೋಬರ್ 7ಕ್ಕೆ ಮುಗಿಯಬೇಕಾಗಿದ್ದ ಕೆಲಸ ಮುಗಿಯದೆ ಅವಧಿಯನ್ನು ವಿಸ್ತರಿಸಬೇಕಾಯಿತು. ಆ ದಿನಗಳಲ್ಲಿ ನಮ್ಮ ಸಮುದಾಯದ ಮನೆಗಳು ಆ ಶಿಕ್ಷಕರನ್ನು ಹೇಗೆ ಎದುರುಗೊಂಡವು ಎಂಬುದನ್ನು ನಾವು ಕುತೂಹಲದಿಂದಲೂ ತುಸು ಕಳವಳದಿಂದಲೂ ಗಮನಿಸಿದೆವು.

ಕೆಲವರು ಚಹಾ ಕೊಟ್ಟು ಕೂರಿಸಿ ಉತ್ತರಿಸಿದರು. ಕೆಲವರು 'ಮನೆಯಲ್ಲಿ ಗಂಡಸರಿಲ್ಲ' ಎಂದು ಬಾಗಿಲೆಳೆದುಕೊಂಡರು. ಇನ್ನು ಕೆಲವರು ಬೇಗ ಮುಗಿಯಲೆಂದು ತೋಚಿದ್ದನ್ನು ಬರೆಸಿದರು. ಮೂರನೆಯ ವರ್ಗದ ಬಗ್ಗೆಯೇ ನಮಗೆ ಹೆಚ್ಚು ಚಿಂತೆ. ಮುಚ್ಚಿದ ಬಾಗಿಲನ್ನು ಮುಚ್ಚಿದ ಬಾಗಿಲೆಂದೇ ದಾಖಲಿಸಬಹುದು. ಆದರೆ ತಪ್ಪು ಉತ್ತರ ಸತ್ಯದ ವೇಷ ಧರಿಸಿ ವರದಿಯೊಳಗೆ ಕುಳಿತುಬಿಡುತ್ತದೆ.

ಬಾಗಿಲು ಮುಚ್ಚಿದವರನ್ನು ಅಜ್ಞಾನಿಗಳೆಂದು ಜರೆಯಲು ನಾವು ಸಿದ್ಧರಿಲ್ಲ. ಪೌರತ್ವ ಕಾಯ್ದೆ ಮತ್ತು ಎನ್‌ಆರ್‌ಸಿಯ ವಿವಾದ ಎದ್ದಾಗ 'ಕಾಗದ ತೋರಿಸು' ಎಂಬ ಮಾತು ಈ ಸಮುದಾಯದ ನಿದ್ದೆಗೆಡಿಸಿತ್ತು. 2019ರ ಡಿಸೆಂಬರ್ 19ರಂದು ಇದೇ ಮಂಗಳೂರಿನಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಬಲಿಯಾದುದನ್ನು ಮರೆತವರಾರು? ಅಂತಹ ನಗರದಲ್ಲಿ ಅಪರಿಚಿತರು ಬಂದು ಕುಟುಂಬದ ಸದಸ್ಯರೆಷ್ಟು, ಆಧಾರ್ ಇದೆಯೇ, ಆಸ್ತಿ ಎಷ್ಟು ಎಂದು ವಿಚಾರಿಸಿದರೆ ಭಯವಾಗುವುದು ಸಹಜ. ಆದರೆ ಇದು ಪೌರತ್ವ ಪರಿಶೀಲನೆಯಲ್ಲ. ಮಾಹಿತಿ ನೀಡುವುದು ಸ್ವಯಂಪ್ರೇರಿತ, ಸಂಗ್ರಹಿಸಿದ್ದನ್ನು ಗೌಪ್ಯವಾಗಿಡಬೇಕು ಎಂದು ಹೈಕೋರ್ಟು ಸೆಪ್ಟೆಂಬರ್ 25ರಂದು ಆಯೋಗಕ್ಕೆ ಸ್ಪಷ್ಟವಾಗಿ ಹೇಳಿತ್ತು. ಈ ವ್ಯತ್ಯಾಸವನ್ನು ಮನೆಗಳಿಗೆ ತಲುಪಿಸಬೇಕಾದವರು ಯಾರು? ನಮ್ಮ ಜಮಾಅತ್‌ಗಳು, ಸಂಘಟನೆಗಳು ಮತ್ತು ನಮ್ಮಂತಹ ಪತ್ರಿಕೆಗಳು. ಆ ಕೆಲಸ ಸಾಲದಷ್ಟೇ ಆಯಿತು.

ಬೆಂಗಳೂರಿನ ಕೆಲವು ಗಣ್ಯರು ಸಮೀಕ್ಷೆಯಲ್ಲಿ ಭಾಗವಹಿಸುವುದಿಲ್ಲವೆಂದು ಬರೆದುಕೊಟ್ಟದ್ದು ದೊಡ್ಡ ಸುದ್ದಿಯಾಯಿತು. ಅವರಿಗೆ ಅದರಿಂದ ಕಳೆದುಕೊಳ್ಳುವಂಥದ್ದೇನೂ ಇಲ್ಲ. ನಮ್ಮ ಸ್ಥಿತಿ ಹಾಗಿದೆಯೇ?

ಅಂಕಿಗಳು ಏನು ಮಾಡಬಲ್ಲವು ಎಂಬುದಕ್ಕೆ ಸಾಚಾರ್ ಸಮಿತಿಯೇ ಸಾಕ್ಷಿ. 2006ರ ನವೆಂಬರ್‌ನಲ್ಲಿ ಸಲ್ಲಿಕೆಯಾದ ಆ ವರದಿಗೆ ಮುನ್ನ 'ಮುಸ್ಲಿಮರ ಓಲೈಕೆ' ಎಂಬ ಮಾತು ಪ್ರಶ್ನಾತೀತವೆಂಬಂತೆ ಚಲಾವಣೆಯಲ್ಲಿತ್ತು. ಮುಸ್ಲಿಮರು ಮಕ್ಕಳನ್ನು ಮದ್ರಸಗಳಿಗಷ್ಟೇ ಕಳುಹಿಸುತ್ತಾರೆ ಎಂಬ ಆರೋಪವೂ ಇತ್ತು. ಮದ್ರಸಗಳಲ್ಲಿ ಕಲಿಯುವವರು ಶಾಲಾ ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಶೇ. 3ರ ಆಸುಪಾಸು ಮಾತ್ರ, ಐಎಎಸ್‌ನಲ್ಲಿ ಮುಸ್ಲಿಮರು ಶೇ. 3, ಐಪಿಎಸ್‌ನಲ್ಲಿ ಶೇ. 4 ಎಂದು ಸಮಿತಿ ಲೆಕ್ಕ ಸಮೇತ ತೋರಿಸಿತು. ಕರ್ನಾಟಕದ ಚಿತ್ರ ಇನ್ನೂ ವಿಚಾರಾರ್ಹ. 2001ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 66.6 ಇದ್ದರೆ ಮುಸ್ಲಿಮರದು ಶೇ. 70.1. ಅಂದರೆ ಅಕ್ಷರ ಕಲಿಕೆಯಲ್ಲಿ ನಾವು ಹಿಂದಿರಲಿಲ್ಲ. ಆದರೂ ಜನಸಂಖ್ಯೆಯ ಶೇ. 12.2 ಇದ್ದವರು ಸರಕಾರಿ ಉದ್ಯೋಗದಲ್ಲಿ ಶೇ. 8.5 ಮಾತ್ರ. ಅಕ್ಷರಕ್ಕೂ ಉದ್ಯೋಗಕ್ಕೂ ನಡುವೆ ಎಲ್ಲೋ ಮೆಟ್ಟಿಲು ಮುರಿದಿದೆ. ಯಾವ ತರಗತಿಯಲ್ಲಿ, ಯಾವ ಕಾರಣಕ್ಕೆ? ಅದನ್ನು ಹೇಳಬೇಕಾದುದು ಮುಂದಿನ ಸಂಶೋಧನೆ. ಭಾಷಣದಿಂದ ಅದು ತಿಳಿಯದು.

ನ್ಯಾಯಾಲಯಗಳೂ ಕೇಳುವುದು ಅಂಕಿಗಳನ್ನೇ. 1990ರ ಚಿನ್ನಪ್ಪ ರೆಡ್ಡಿ ಆಯೋಗದ ವರದಿಯ ನಂತರ, 1995ರಲ್ಲಿ 2ಬಿ ಅಡಿ ನಮಗೆ ಶೇ. 4 ಮೀಸಲಾತಿ ನಿಗದಿಯಾಯಿತು. 2023ರ ಮಾರ್ಚ್‌ನಲ್ಲಿ, ಚುನಾವಣೆಯ ಹೊಸ್ತಿಲಲ್ಲಿ, ಆಗಿನ ಸರಕಾರ ಅದನ್ನು ಕಿತ್ತು ಇತರ ಎರಡು ಸಮುದಾಯಗಳಿಗೆ ಹಂಚಿತು. ಆ ನಿರ್ಧಾರದ ಬುನಾದಿಯೇ ಅಲುಗಾಡುವಂಥದ್ದು ಎಂದು ಸುಪ್ರೀಮ್ ಕೋರ್ಟಿನ ಪೀಠ ಏಪ್ರಿಲ್‌ನಲ್ಲಿ ಅಭಿಪ್ರಾಯಪಟ್ಟಿತು. ಯಾಕೆಂದರೆ ಸರಕಾರದ ಕೈಯಲ್ಲಿ ಇದ್ದದ್ದು ಮಧ್ಯಂತರ ವರದಿ ಮಾತ್ರ. ನಾಳೆ ಇದೇ ಪ್ರಶ್ನೆ ನಮಗೂ ಎದುರಾದೀತು. ನೀವು ಹಿಂದುಳಿದಿದ್ದೀರಿ ಎನ್ನಲು ಆಧಾರವೇನು ಎಂದಾಗ ನಾವು ಯಾವುದನ್ನು ತೋರಿಸಬೇಕು?

ಹಾಗೆಂದು ತಪ್ಪೆಲ್ಲ ಜನರದಲ್ಲ. 2015ರ ಏಪ್ರಿಲ್‌ನಲ್ಲಿ ಕಾಂತರಾಜ ಆಯೋಗದ ಗಣತಿ ನಡೆಯಿತು. ಆಗಲೂ ಶಿಕ್ಷಕರು ಬಿಸಿಲಲ್ಲಿ ಅಲೆದರು, ಜನ ಉತ್ತರಿಸಿದರು, ಕೋಟ್ಯಂತರ ರೂಪಾಯಿ ವ್ಯಯವಾಯಿತು. ವರದಿ ಸರಕಾರದ ಕೈ ಸೇರಿದ್ದು 2024ರ ಫೆಬ್ರವರಿ 29ರಂದು, ಜಯಪ್ರಕಾಶ್ ಹೆಗ್ಡೆಯವರ ಅವಧಿಯಲ್ಲಿ. ಸಚಿವ ಸಂಪುಟದ ಮುಂದೆ ಬಂದದ್ದು 2025ರ ಏಪ್ರಿಲ್‌ನಲ್ಲಿ. ಜೂನ್‌ನಲ್ಲಿ, ಅಂಕಿಗಳು ಹಳೆಯದಾಗಿವೆ ಎಂದು ಹೇಳಿ ಹೊಸ ಸಮೀಕ್ಷೆಗೆ ನಿರ್ಧಾರ! ಹತ್ತು ವರ್ಷ ಕಪಾಟಿನಲ್ಲಿಟ್ಟರೆ ಯಾವ ಅಂಕಿ ಹಳೆಯದಾಗದು? ಪ್ರಬಲ ಸಮುದಾಯಗಳ ಅಸಮಾಧಾನಕ್ಕೆ ಪಕ್ಷಭೇದವಿಲ್ಲದೆ ಎಲ್ಲ ಸರಕಾರಗಳೂ ಅಂಜಿದವು. ಒಮ್ಮೆ ಕೊಟ್ಟ ಉತ್ತರಕ್ಕೆ ಬೆಲೆ ಸಿಗದಿದ್ದಾಗ ಎರಡನೆಯ ಸಲ ಬಾಗಿಲು ತೆರೆಯಲು ಜನ ಹಿಂಜರಿದರೆ, ಆ ಹಿಂಜರಿಕೆಯನ್ನು ಬಿತ್ತಿದವರು ವಿಧಾನಸೌಧದಲ್ಲೇ ಇದ್ದಾರೆ.

ಈ ವಿಷಯದಲ್ಲಿ ಐರ್ಲೆಂಡ್ ಎಂಬ ಪುಟ್ಟ ದೇಶದ ಅನುಭವ ನಮಗೆ ಹತ್ತಿರವೆನಿಸುತ್ತದೆ. 1950ರ ದಶಕದಲ್ಲಿ ಅಲ್ಲಿಂದ ಸುಮಾರು 4 ಲಕ್ಷ ಜನ ದುಡಿಮೆ ಅರಸಿ ಹೊರಟುಹೋದರು. 1961ರ ಗಣತಿಯಲ್ಲಿ ಜನಸಂಖ್ಯೆ 28 ಲಕ್ಷಕ್ಕೆ ಕುಸಿದಿತ್ತು. ಮನೆಗೊಬ್ಬ ಮಗ ಹಡಗು ಹತ್ತಿದ ಆ ಕಥೆ, ಮನೆಗೊಬ್ಬ ಮಗ ಗಲ್ಫ್ ವಿಮಾನ ಹತ್ತಿದ ಕರಾವಳಿಗೆ ಅಪರಿಚಿತವೇ? ಅಲ್ಲಿನ ಹಣಕಾಸು ಕಾರ್ಯದರ್ಶಿ ಟಿ.ಕೆ. ವಿಟೇಕರ್ 1958ರಲ್ಲಿ ದೇಶದ ಆರ್ಥಿಕತೆಯ ಬಗ್ಗೆ ನಿಷ್ಠುರವಾದ ಅಧ್ಯಯನವೊಂದನ್ನು ಮುಂದಿಟ್ಟರು. 1960ರಲ್ಲಿ ಫೋರ್ಡ್ ಫೌಂಡೇಶನ್ನಿನ ನೆರವಿನಿಂದ ಡಬ್ಲಿನ್‌ನಲ್ಲಿ ಆರ್ಥಿಕ ಸಂಶೋಧನಾ ಸಂಸ್ಥೆ ಹುಟ್ಟಿತು. ಕೆಲವೇ ವರ್ಷಗಳಲ್ಲಿ ಅದರ ಹೆಸರಿಗೆ 'ಸಾಮಾಜಿಕ' ಎಂಬ ಪದವೂ ಸೇರಿತು. ಹಣದ ಲೆಕ್ಕ ಮಾತ್ರದಿಂದ ಕುಟುಂಬದ ಸ್ಥಿತಿ ತಿಳಿಯದೆಂದು ಅವರಿಗೆ ಅರಿವಾಗಿತ್ತು.

ಆ ಸಂಸ್ಥೆ ಸರಕಾರದ ಅನುದಾನವನ್ನೂ ಪಡೆಯುತ್ತದೆ. ಹಾಗಿದ್ದೂ ಬಜೆಟ್ಟಿನ ತೆರಿಗೆ ಮತ್ತು ಭತ್ಯೆಗಳ ಬದಲಾವಣೆಯಿಂದ ಬಡ ಕುಟುಂಬಕ್ಕೆ ಎಷ್ಟು ನಷ್ಟ, ಸ್ಥಿತಿವಂತರಿಗೆ ಎಷ್ಟು ಲಾಭ ಎಂದು ಲೆಕ್ಕ ಹಾಕಿ ಬಹಿರಂಗಪಡಿಸುತ್ತದೆ. 2006ರಲ್ಲಿ ಅದು ಟ್ರಿನಿಟಿ ಕಾಲೇಜಿನೊಂದಿಗೆ ಸೇರಿ ಸಾವಿರಾರು ಮಕ್ಕಳ ಬೆಳವಣಿಗೆಯನ್ನು ವರ್ಷಗಳ ಕಾಲ ಹಿಂಬಾಲಿಸುವ ಅಧ್ಯಯನ ಆರಂಭಿಸಿತು. ಒಂಬತ್ತರ ವಯಸ್ಸಿನಲ್ಲಿ ಭೇಟಿಯಾದ ಮಗುವನ್ನು ಹದಿಮೂರರಲ್ಲಿ ಮತ್ತೆ ಭೇಟಿಯಾಗುವುದು! ಶಾಲೆ ಬಿಡುವ ಹುಡುಗ ಯಾವಾಗ, ಯಾಕೆ ಜಾರಿದ ಎಂಬುದು ಹಾಗೆ ತಿಳಿಯುತ್ತದೆ. 2008ರ ಆರ್ಥಿಕ ಕುಸಿತದ ಆಳವನ್ನು ಅಲ್ಲಿನ ಪಂಡಿತರೂ ಮೊದಲೇ ಗ್ರಹಿಸಲಿಲ್ಲ ಎಂಬ ಟೀಕೆಯಿದೆ. ಇರಲಿ, ತಪ್ಪು ಹುಡುಕಲಾದರೂ ಜನರ ಕೈಯಲ್ಲಿ ವರದಿಯಿತ್ತು.

ಅಷ್ಟು ದೂರ ಹೋಗುವುದೇಕೆ, ತಲಪಾಡಿ ದಾಟಿದರೆ ಸಾಕು. ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರ 1998ರಲ್ಲಿ ಕೇರಳದ ವಲಸೆ ಸಮೀಕ್ಷೆಗಳನ್ನು ಆರಂಭಿಸಿತು. 2023ರ ಸಮೀಕ್ಷೆ ಹೊರದೇಶದಲ್ಲಿರುವ ಕೇರಳಿಗರು ಸುಮಾರು 22 ಲಕ್ಷ ಎಂದು ಅಂದಾಜಿಸಿತು. ಯಾರು ಹೋದರು, ಎಷ್ಟು ಕಳುಹಿಸಿದರು, ಎಷ್ಟು ಮಂದಿ ಮರಳಿದರು ಎಂಬುದಕ್ಕೆಲ್ಲ ಅಲ್ಲಿ ಲೆಕ್ಕವಿದೆ. ಮಂಜೇಶ್ವರದ ಕನ್ನಡ ಮನೆಯ ಯುವಕ ದುಬೈಗೆ ಹೋದರೆ ಆತ ಆ ಅಂದಾಜಿನಲ್ಲಿ ಬರುತ್ತಾನೆ. ಉಳ್ಳಾಲದ ಅವನ ಸೋದರಸಂಬಂಧಿ ಹೋದರೆ ಆತ ಎಲ್ಲಿಯೂ ಬರುವುದಿಲ್ಲ. ಅಂತಹ ಕ್ರಮಬದ್ಧ ಸಮೀಕ್ಷೆ ನಮ್ಮಲ್ಲಿ ಬೆಳೆದು ಬರಲಿಲ್ಲ. 2020ರ ಮೇ 12ರಂದು ದುಬೈಯಿಂದ ಮಂಗಳೂರಿಗೆ ಮೊದಲ ವಿಶೇಷ ವಿಮಾನ ಇಳಿದಾಗ, ಕೆಲಸ ಕಳೆದುಕೊಂಡು ಇನ್ನೆಷ್ಟು ಮಂದಿ ಹಿಂದಿದ್ದಾರೆಂದು ಹೇಳಲು ನಮ್ಮ ಬಳಿ ಅಂತಹ ಲೆಕ್ಕವಿರಲಿಲ್ಲ. ಡಾ. ವಿ.ಕೆ.ಆರ್.ವಿ. ರಾವ್ 1972ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಪರಿವರ್ತನಾ ಸಂಸ್ಥೆ ಇರುವಾಗ ತಜ್ಞರ ಕೊರತೆ ಎನ್ನುವಂತಿಲ್ಲ. ಕೊರತೆ ಇರುವುದು ಒತ್ತಾಯಿಸುವವರದು.

ಸರಾಸರಿಯೆಂಬುದು ಎಷ್ಟು ಮೋಸಗಾರ ಎಂಬುದಕ್ಕೂ ನಮ್ಮ ಜಿಲ್ಲೆಯೇ ಉದಾಹರಣೆ. 2002ರ ನಂಜುಂಡಪ್ಪ ಸಮಿತಿ 114 ತಾಲೂಕುಗಳನ್ನು ಹಿಂದುಳಿದವೆಂದು ಗುರುತಿಸಿದ ಬಳಿಕ ಉತ್ತರ ಕರ್ನಾಟಕದ ಕೂಗಿಗೆ ಬಲ ಬಂತು. ಆದರೆ ತಾಲೂಕಿನ ಲೆಕ್ಕದಲ್ಲಿ ಮಂಗಳೂರು ಮುಂದುವರಿದ ಊರು. ಕದ್ರಿಯ ಬಹುಮಹಡಿ ಕಟ್ಟಡಗಳನ್ನು ನೋಡಿದವರಿಗೆ ಇಲ್ಲಿ ಬಡತನವೆಲ್ಲಿದೆ ಎನಿಸೀತು. ಅದೇ ಕಟ್ಟಡಗಳಲ್ಲಿ ನೆಲ ಒರೆಸಲು ಬೆಳಿಗ್ಗೆ ಬಸ್ಸಿಳಿಯುವ ಮಹಿಳೆಯ, ರಸ್ತೆಬದಿಯಲ್ಲಿ ಹಣ್ಣಿನ ಗಾಡಿ ನಿಲ್ಲಿಸುವವನ ಆದಾಯ ಆ ಸರಾಸರಿಯಲ್ಲಿ ಕರಗಿಹೋಗುತ್ತದೆ. 2011ರ ಜನಗಣತಿಯಂತೆ ದಕ್ಷಿಣ ಕನ್ನಡದ ಜನಸಂಖ್ಯೆಯಲ್ಲಿ ಮುಸ್ಲಿಮರು ಶೇ. 24. ಅವರೊಳಗಿನ ಅಂತರಗಳ ಬಗ್ಗೆ ಆ ಒಂದು ಅಂಕಿ ಏನನ್ನೂ ಹೇಳುವುದಿಲ್ಲ.

ಇಲ್ಲಿ ನಮ್ಮ ಮನೆಯೊಳಗಿನ ಒಂದು ಮಾತನ್ನೂ ಹೇಳಲೇಬೇಕು. ಜಿಲ್ಲೆಯ ಅದೆಷ್ಟೋ ಮುಸ್ಲಿಮ್ ಮನೆಗಳಲ್ಲಿ ಮಕ್ಕಳ ಶುಲ್ಕ ತೆತ್ತದ್ದು ತಾಯಿಯ ಬೀಡಿ ಸೂಪು. ಗಣತಿಯವರು ಬಂದು ಉದ್ಯೋಗ ಕೇಳಿದಾಗ ಉತ್ತರಿಸುವುದು ಮಗ ಅಥವಾ ಗಂಡ: 'ಅವಳಿಗೇನೂ ಇಲ್ಲ, ಮನೆಯಲ್ಲಿರುವುದು.' ಒಂದೇ ವಾಕ್ಯದಲ್ಲಿ ಮೂವತ್ತು ವರ್ಷಗಳ ದುಡಿಮೆ ಅಳಿಸಿಹೋಯಿತು! ಬೀಡಿ ಕಾರ್ಮಿಕರಿಗೆ 1976ರ ಕಲ್ಯಾಣನಿಧಿ ಕಾಯ್ದೆಯಿದೆ. ದಾಖಲೆಯಲ್ಲಿ ಗೃಹಿಣಿಯಾದವಳು ಕಾರ್ಮಿಕಳೆಂದು ಹಕ್ಕು ಕೇಳುವುದು ಹೇಗೆ? ಇದಕ್ಕೆ ಯಾವ ಸರಕಾರವನ್ನು ದೂರೋಣ? ಶಾಲೆ ಬಿಟ್ಟ ಹುಡುಗನನ್ನು 'ಓದುತ್ತಿದ್ದಾನೆ' ಎಂದು ಬರೆಸುವುದೂ ಇದೇ ಬಗೆಯ ಮರ್ಯಾದೆಯ ಗೀಳು.

ನಮ್ಮ ಜಮಾಅತ್‌ಗಳ ಬಳಿ ನಿಕಾಹ್ ಮತ್ತು ಮರಣದ ದಾಖಲೆಗಳಿವೆ, ವರಿಯ ಲೆಕ್ಕವಿದೆ. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಅಂಕ ಗಳಿಸಿದವರಿಗೆ ಶಾಲು ಹೊದಿಸುವ ಸಮಾರಂಭಗಳೂ ಪ್ರತಿವರ್ಷ ನಡೆಯುತ್ತವೆ. ಅದೇ ಮೊಹಲ್ಲಾದಲ್ಲಿ ಒಂಬತ್ತನೆಯ ತರಗತಿಯಲ್ಲಿ ಶಾಲೆ ಬಿಟ್ಟವರೆಷ್ಟು ಎಂದು ಕೇಳಿದರೆ ಪದಾಧಿಕಾರಿಗಳು ಪರಸ್ಪರ ಮುಖ ನೋಡಿಕೊಳ್ಳುತ್ತಾರೆ. ಝಕಾತ್ ಹಂಚುವಾಗಲಾದರೂ ಈ ಲೆಕ್ಕ ಬೇಡವೇ? ಪದವಿ ಓದುವ ನಾಲ್ಕು ಹುಡುಗಿಯರಿಗೆ ಒಂದು ರಜೆ ಕೊಟ್ಟರೆ ಮುಗಿಯುವ ಕೆಲಸವಿದು.

ಸರಕಾರದ ಮುಂದೆ ನಾವಿಡುವ ಬೇಡಿಕೆಯೂ ಇಷ್ಟೇ. 2025ರ ಸಮೀಕ್ಷೆಯ ಸಾರಾಂಶ ಓದಿ ಹೇಳಿದರೆ ಸಾಲದು. ಹೆಸರು ಮತ್ತು ವಿಳಾಸ ತೆಗೆದ ಅಂಕಿಗಳು ತಾಲೂಕು, ವಾರ್ಡು ಮಟ್ಟದಲ್ಲಿ ಸಂಶೋಧಕರಿಗೆ ಸಿಗಬೇಕು. ಯಾವ ಗಣತಿಯ ವರದಿಯೇ ಆಗಲಿ, ಇಂತಿಷ್ಟು ತಿಂಗಳೊಳಗೆ ಸದನದಲ್ಲಿ ಮಂಡಿಸಲೇಬೇಕೆಂಬ ಕಾನೂನು ಬರಬೇಕು. ಜಾತಿಯ ವಿವರವನ್ನೂ ಒಳಗೊಳ್ಳುವ ರಾಷ್ಟ್ರೀಯ ಜನಗಣತಿಗೆ 2027 ಎಂದು ಕೇಂದ್ರ ಸರಕಾರ ನಿಗದಿಪಡಿಸಿದೆ. ಆ ಪ್ರಶ್ನೆಗಳು ಕದ್ರಿಯ ಬಾಗಿಲಿಗೆ ಬರುವಾಗ ಮನೆಯ ತಾಯಿಯೂ ಹೊರಬಂದು ಕುಳಿತು, ತನ್ನ ಕೆಲಸವೇನೆಂಬುದನ್ನು ತಾನೇ ಹೇಳಲಿ.